‘ಅಪ್ಪ’ ಉದುರಿಹೋದ ಪಕ್ಕೀರಪ್ಪ

ಒಂದು ಕಾಲಕ್ಕೆ ನಮ್ಮ ಕಂಪ್ಲಿಯ ಬಜಾರಿನಲ್ಲಿ ನಿಂತು ‘ಪಕ್ಕೀರಪ್ಪಾ’ ಎಂದು ಕೂಗಿದರೆ ನಾಲ್ಕಾರು ಜನ ತಿರುಗಿ ನೋಡುತ್ತಿದ್ದರು. ಅವರಲ್ಲಿ ಗಾಡಿ ಹೊಡೆಯುವವನಿರುತ್ತಿದ್ದ, ಮಿಲ್ಲಿನ ಹಮಾಲನಿರುತ್ತಿದ್ದ, ಗುಡಿಯ ಪೂಜಾರಿಯ ತಮ್ಮನೂ ಇರುತ್ತಿದ್ದ. ಆ ಹೆಸರಿನಲ್ಲಿ ಏನೋ ತಪ್ಪಿದೆ ಎಂದು ನಮಗ್ಯಾರಿಗೂ ಅನ್ನಿಸಿರಲಿಲ್ಲ. ತಪ್ಪಿದೆಯೆಂದು ಕಂಡುಹಿಡಿಯಲು ದೊಡ್ಡ ಊರಿನಿಂದ ಜೀಪು ಹತ್ತಿ ಸಾಹೇಬರು ಬರಬೇಕಾಯಿತು. ನನಗೆ ಈ ವಿಷಯದಲ್ಲಿ ಸಿಟ್ಟಿದೆ. ಅದನ್ನು ಮುಚ್ಚಿಟ್ಟುಕೊಂಡು ನಯವಾಗಿ ಬರೆಯುವ ವಿದ್ಯೆ ನನಗೆ ಬರುವುದಿಲ್ಲ.

ನಾನು ಮುರುಗೇಶ್. ಕಂಪ್ಲಿಯಲ್ಲಿ ನನ್ನದೊಂದು ಗೋಣಿಚೀಲದ ಅಂಗಡಿ; ರೈಸ್‌ಮಿಲ್ಲಿನವರಿಗೆ ಚೀಲ ಮಾರುತ್ತೇನೆ. ರಸ್ತೆ ದಾಟಿದರೆ ಪಕ್ಕೀರಪ್ಪನ ವರ್ಕ್‌ಶಾಪು, ಅದರ ಹಿಂದೆಯೇ ಅವನ ಮನೆ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವನ ಕಸುಬು. ರೈತರು ತಂದಿಳಿಸಿದ ಮೋಟಾರನ್ನು ಬಿಚ್ಚುವ ಮೊದಲು ಅದರ ಮೇಲೆ ಅಂಗೈ ಇಟ್ಟು, “ಏನವ್ವಾ, ಜ್ವರ ಬಂತೇನು?” ಎಂದು ಕೇಳುತ್ತಾನೆ. ಎದುರಿಗಿದ್ದವರು ನಗುತ್ತಾರೆ, ಅವನು ನಗುವುದಿಲ್ಲ. ಅಂಗಿಯ ತುಂಬ ವಾರ್ನಿಷಿನ ಕಲೆ, ಮಣಿಕಟ್ಟಿನಲ್ಲಿ ಬಣ್ಣಗೆಟ್ಟ ಕೆಂಪು ದಾರ. ಅವನ ಜೋರು ದನಿಯನ್ನು ಈ ಐವತ್ತು ಚಿಲ್ಲರೆ ವರ್ಷಗಳಲ್ಲಿ ನಾನು ಕೇಳಿಯೇ ಇರಲಿಲ್ಲ.

ಹೆಸರಿನ ಕತೆ ಇಷ್ಟೇ. ಅವನ ತಾಯಿ ಭೀಮವ್ವನಿಗೆ ಹುಟ್ಟಿದ ಕೂಸುಗಳು ನಿಲ್ಲುತ್ತಿರಲಿಲ್ಲ. ಒಂದು ಮೊಹರಂನಲ್ಲಿ ಆಕೆ ಮಸೂತಿಯಲ್ಲಿ ಕೂರಿಸಿದ ಪೀರಲ ದೇವರ ಮುಂದೆ ಸೆರಗೊಡ್ಡಿ, “ಇದೊಂದು ಕೂಸು ಉಳಿಸಪ್ಪ, ನಿನ್ನ ಪಕೀರನ್ನ ಮಾಡ್ತೀನಿ. ಆ ಹೆಸರು ನಮ್ಮ ಮನ್ಯಾಗ ಎಂದೂ ಆರದಂಗ ನೋಡ್ಕಂತೀನಿ” ಎಂದು ಬೇಡಿಕೊಂಡಳು. ಕೂಸು ಉಳಿಯಿತು. ಆಕೆಯ ಗಂಡ ಹುಸೇನಪ್ಪನ ಹೆಸರೂ ಇಂಥದೇ ಹರಕೆಯಿಂದ ಬಂದದ್ದು. ಈ ಮನೆಯವರು ಸೋಮವಾರ ಶಿವನ ಗುಡಿಗೆ ಹೋಗುತ್ತಾರೆ, ಮೊಹರಂನಲ್ಲಿ ಕೈಗೆ ಕೆಂಪು ದಾರ ಕಟ್ಟಿಕೊಂಡು ಐದು ಮನೆ ಭಿಕ್ಷೆ ಬೇಡುತ್ತಾರೆ. ನಮ್ಮ ಕಡೆ ಇದನ್ನು ಯಾರೂ ಸೌಹಾರ್ದ ಗೀಹಾರ್ದ ಎಂದು ಕರೆದವರಲ್ಲ. ಕಷ್ಟ ಬಂದಾಗ ಯಾವ ದೇವರು ಓಗೊಟ್ಟನೋ ಅವನ ಹೆಸರು ಇಡುವುದು, ಮುಗಿಯಿತು.

ಹೆಂಡತಿಯನ್ನು ಕಳೆದುಕೊಂಡ ಪಕ್ಕೀರಪ್ಪನಿಗೆ ಒಬ್ಬಳೇ ಮಗಳು, ಹೇಮಾವತಿ. ಸಂಡೂರಿನ ಗಣಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ ಮಾಡುವ ಕನಕರಾಜನಿಗೆ ಕೊಟ್ಟಿದ್ದಾರೆ. ಕಳೆದ ವರ್ಷ ಆಕೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದಾಗಿನಿಂದ ಭೀಮವ್ವನ ಬಾಯಲ್ಲಿ ಒಂದೇ ಮಾತು. ಗಂಡು ಹುಟ್ಟಿದರೆ ಪಕ್ಕೀರಪ್ಪ. ಮುದುಕಿಗೆ ಕಿವಿ ಮುಕ್ಕಾಲು ಮಂದ. ತನಗೆ ಕೇಳಿಸುವಷ್ಟು ಜೋರಾಗಿ ಮಾತಾಡಿದರೆ ಓಣಿಗೆಲ್ಲ ಕೇಳಿಸುತ್ತದೆ. ಕನಕರಾಜನೂ ನಗುತ್ತ ಒಪ್ಪಿದ್ದ. “ಇಡ್ರಿ ಅಮ್ಮ. ಮನ್ಯಾಗ ಇಬ್ಬರು ಪಕ್ಕೀರಪ್ಪ ಆದ್ರ ಒಬ್ಬರನ್ನ ಬೈದಂಗ ಮಾಡಿ ಇನ್ನೊಬ್ಬರನ್ನೂ ಬೈಬೋದು” ಎಂದಿದ್ದ. ಹರಕೆ ತೀರಿಸುವುದು ಆ ಮುದುಕಿಗೆ ಉಳಿದಿದ್ದ ಒಂದೇ ಆಸೆ.

ಇನ್ನು ಆ ಸಿಮ್ ಕಾರ್ಡುಗಳ ಮಾತು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವುದು ಹೆಚ್ಚಾಗಿ ರಾತ್ರಿ, ಯಾವಾಗ ಬರುತ್ತದೋ ಹೇಳುವವರಿಲ್ಲ. ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವ ಬದಲು ರೈತರು ಈಗ ಮೊಬೈಲ್ ಸ್ಟಾರ್ಟರ್ ಹಾಕಿಸುತ್ತಾರೆ. ಮೋಟಾರಿನ ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಮಲಗಿದಲ್ಲಿಂದಲೇ ಅದಕ್ಕೊಂದು ಮಿಸ್ಡ್ ಕಾಲ್ ಕೊಟ್ಟರೆ ಮೋಟಾರು ಚಾಲೂ ಆಗುತ್ತದೆ. ಸಿಮ್ ತೆಗೆದುಕೊಳ್ಳಲು ಆಧಾರ್ ತಾ ಎಂದರೆ ನಮ್ಮ ರೈತರು, “ಅದನ್ನೆಲ್ಲಿ ಹುಡುಕ್ಲಿ, ನಿಂದs ಕೊಟ್ಟು ತಗೊಂಡ್ಬಿಡಪ್ಪ” ಎನ್ನುತ್ತಾರೆ. ಪಕ್ಕೀರಪ್ಪ ತಗೊಂಡುಬಿಡುತ್ತಿದ್ದ. ಬೆಳೆ ಒಣಗುತ್ತಿದ್ದಾಗ ಕಾನೂನು ಯಾರಿಗೆ ನೆನಪಾಗುತ್ತದೆ? ಹೀಗೆ ಬುಕ್ಕಸಾಗರದ ಹೊಳೆದಂಡೆಯ ಗದ್ದೆಯಲ್ಲೊಂದು, ಕಮಲಾಪುರದ ಬಾಳೆತೋಟದಲ್ಲೊಂದು, ಸಂಡೂರು ಗುಡ್ಡದ ಕೆಳಗೊಂದು ಎಂದು ಅವನ ಹೆಸರಿನ ಸಿಮ್ಮುಗಳು ಡಬ್ಬಿಗಳಲ್ಲಿ ಕುಳಿತವು. ಸಿಮ್ ಮಾರುವವನು ಅವಸರದಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಅರ್ಧಕ್ಕೇ ಒತ್ತಿದ್ದ. ಪಕೀರ್, ತಂದೆ ಹುಸೇನ್. ಎರಡು ‘ಅಪ್ಪ’ಗಳೂ ಅಲ್ಲಿಯೇ ಉದುರಿಹೋದವು.

ಎಲ್ಲೋ ಕುಳಿತ ಕಂಪ್ಯೂಟರಿಗೆ ಕಂಡದ್ದು ಇದು: ಪಕೀರ್ ಎಂಬವನ ಹೆಸರಿನಲ್ಲಿ ಹಲವು ನಂಬರು. ಎಲ್ಲವಕ್ಕೂ ರಾತ್ರಿಯೇ ಕರೆ, ಒಂದನ್ನೂ ಯಾರೂ ಎತ್ತುವುದಿಲ್ಲ. ಒಂದು ಹಂಪಿಯ ಮಗ್ಗುಲಿಗೆ, ಒಂದು ಹೊಳೆಯ ಪಕ್ಕಕ್ಕೆ, ಒಂದು ಗಣಿಯ ಹತ್ತಿರ. ಹೆದರಿದ್ದು ತಪ್ಪಲ್ಲ ಎನ್ನೋಣ. ಹೊಳೆಯ ಅಣೆಕಟ್ಟಿಗೆ ಕಾವಲು ಬೇಡ, ಬಾಂಬಿಡುವವರನ್ನು ಹಿಡಿಯಬೇಡಿ ಎನ್ನುವಷ್ಟು ದಡ್ಡ ನಾನಲ್ಲ. ಆದರೆ ಕಂಪ್ಲಿಗೆ ಬಂದು ಯಾವ ರೈತನನ್ನು ಕೇಳಿದ್ದರೂ ಒಂದು ಚಹಾ ಕುಡಿಯುವುದರೊಳಗೆ ಉತ್ತರ ಸಿಗುತ್ತಿತ್ತು. ಅವರು ಕೇಳಲಿಲ್ಲ. ನೋಡಿದರು. ನೋಡುತ್ತಲೇ ಇದ್ದರು.

ನೋಡಲು ಬಂದವನು ನನ್ನ ಅಂಗಡಿಯ ಮುಂದೆಯೇ ನಿಂತ. ಹೂವಿನ ಅಂಗಿ, ಕಾಲಲ್ಲಿ ಮಾತ್ರ ಪೊಲೀಸರ ಕಂದು ಬೂಟು. ದಿನಾ ಬಂದು, “ಚೀಲ ಹೆಂಗ ಕೊಟ್ರಿ?” ಎನ್ನುವನು. ಎಷ್ಟು ಬೇಕೆಂದರೆ, “ಸುಮ್ನ ಕೇಳ್ದೆ.” ಕೇಳಿದ್ದು ನನ್ನನ್ನು, ಕಣ್ಣು ಎದುರಿನ ವರ್ಕ್‌ಶಾಪಿನ ಕಡೆ. ಕೊನೆಗೆ ನಾನೇ ಅವನಿಗೊಂದು ಸ್ಟೂಲ್ ಹಾಕಿ, “ಕುಂದ್ರಪ್ಪ. ಸರ್ಕಾರಿ ಕೆಲಸ, ಕಾಲು ನೋಯ್ತಾವು” ಎಂದೆ. ನಾಚಿಕೊಂಡು ಕೂತ. ಹೆಸರು ಅಂಜಿನೇಯ, ಇಲ್ಲೇ ಹತ್ತಿರದ ಹಳ್ಳಿಯವನು. ಪಕ್ಕೀರಪ್ಪನಿಗೆ ಹೇಳಿದರೆ ಅವನು ತಂತಿಯಿಂದ ತಲೆ ಎತ್ತಲಿಲ್ಲ. “ಯಾರ್ನೋ ಕಳ್ಳನ್ನ ಹಿಡ್ಯಾಕ ಬಂದಿರಬೇಕು ಬಿಡಣ್ಣ. ಬಿಸಿಲಾಗ ಅದಾನ, ನೀರರ ಕೊಡು” ಎಂದ.

ಒಂದು ಬೆಳಗ್ಗೆ ಜೀಪುಗಳು ಬಂದವು. ಇಳಿದವರು ನಮ್ಮ ಸ್ಟೇಷನ್ನಿನವರಲ್ಲ, ಮಾತೂ ನಮ್ಮ ಕಡೆಯದಲ್ಲ. ವರ್ಕ್‌ಶಾಪಿನ ತಂತಿ ಸುರುಳಿ, ಟೈಮರ್, ಬ್ಯಾಟರಿ ಎಲ್ಲ ಚೀಲಕ್ಕೆ ಹೋದವು. ಮನೆಯೊಳಗೆ ನುಗ್ಗಿ ಅಕ್ಕಿಯ ಡ್ರಮ್ಮು ಬೋರಲು ಹಾಕಿದರು. ಹುಟ್ಟಲಿರುವ ಕೂಸಿಗೆಂದು ಹೇಮಾವತಿ ಹೊಲಿದಿಟ್ಟಿದ್ದ ಕುಲಾವಿಗಳನ್ನು ಒಂದೊಂದಾಗಿ ಕೊಡವಿ ನೋಡಿದರು. ಕುಲಾವಿಯೊಳಗೆ ಏನು ಸಿಗುತ್ತದೆಂದು ತಿಳಿದಿದ್ದರೋ ಆ ಪುಣ್ಯಾತ್ಮರು! ಹೇಮಾವತಿಯ ಮೊಬೈಲನ್ನೂ ಕಸಿದರು. “ಡಾಕ್ಟರಮ್ಮನ ನಂಬರ್ ಅದರಾಗ ಐತ್ರಿ, ಇವತ್ತೋ ನಾಳೆನೋ ಅದೀನ್ರಿ” ಎಂದು ಆ ತುಂಬು ಬಸುರಿ ಬೇಡಿದರೆ ತಿರುಗಿಯೂ ನೋಡಲಿಲ್ಲ. ನಾನು ರಸ್ತೆ ದಾಟಿ ಹೋದೆ.

“ಏನಾದ್ರೂ ಆರ್ಡರ್ ಐತೇನ್ರಿ ಸಾರ್?”

“ನೀವ್ಯಾರು?” ಎಂದರು ಅವರ ಸಾಹೇಬರು.

“ಎದುರಿನ ಅಂಗಡಿಯವನ್ರಿ.”

“ಹಾಗಾದ್ರೆ ಅಂಗಡಿ ನೋಡ್ಕೊಳ್ಳಿ. ಇದು ದೇಶದ ಭದ್ರತೆ ವಿಷಯ.”

ದೇಶ ಎಂದರೆ ಅವರಪ್ಪನ ಮನೆಯ ಆಸ್ತಿ, ಪಕ್ಕೀರಪ್ಪ ಅದರಲ್ಲಿ ಬಾಡಿಗೆಗಿದ್ದಾನೆ ಎಂಬಂತಿತ್ತು ಆ ದನಿ. ಓಣಿಯ ಜನರೆಲ್ಲ ಹೊಸ್ತಿಲಲ್ಲಿ ನಿಂತು ನೋಡಿದರು. ಪಕ್ಕೀರಪ್ಪನನ್ನು ಹತ್ತಿಸಿಕೊಂಡು ಜೀಪು ಹೋದ ಮೇಲೆ ಬಾಗಿಲು ಹಾಕಿಕೊಂಡರು.

ಪಕ್ಕೀರಪ್ಪನನ್ನು ಕರೆದೊಯ್ದದ್ದು ಹೊಸಪೇಟೆಯ ಒಂದು ಕಚೇರಿಗೆ. ಹೇಮಾವತಿಯ ಜೊತೆಗೆ ನನ್ನ ಹೆಂಡತಿಯನ್ನು ಬಿಟ್ಟು, ನಾನು ಭೀಮವ್ವನನ್ನು ಕರೆದುಕೊಂಡು ಬಸ್ಸಿನಲ್ಲಿ ಹಿಂದೆಯೇ ಹೋದೆ. ಹಿಡಿದಿದ್ದೀರಾ ಎಂದು ಕೇಳಿದರೆ, “ಇಲ್ಲ, ವಿಚಾರಣೆಗೆ ಕರೆದಿದೀವಿ ಅಷ್ಟೆ” ಎಂದರು. ಹಾಗಾದರೆ ಮನೆಗೆ ಬರಲಿ ಎಂದರೆ, “ಹಾಗೆಲ್ಲ ಬಿಡೋಕಾಗಲ್ಲ.” ಹಿಡಿದಿಲ್ಲ, ಬಿಡುವುದೂ ಇಲ್ಲ! ಹಿಡಿದೆವು ಎಂದು ಒಪ್ಪಿಕೊಂಡರೆ ಕೋರ್ಟಿನ ಮುಂದೆ ನಿಲ್ಲಿಸಬೇಕಾಗುತ್ತದಲ್ಲ, ಅದಕ್ಕೆ ಈ ಜಾಣತನ. ಭೀಮವ್ವ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕಚೇರಿಯ ಬೆಂಚಿನ ಮೇಲೆ ಕೂತಳು. ರಾತ್ರಿ ಹೊಸಪೇಟೆಯಲ್ಲಿದ್ದ ನನ್ನ ತಂಗಿಯ ಮನೆಯಲ್ಲಿ ಮಲಗಿಸಿ, ಬೆಳಗಾದೊಡನೆ ಮತ್ತೆ ಅದೇ ಬೆಂಚಿಗೆ ತಂದೆ.

ಒಳಗೆ ನಡೆದದ್ದನ್ನು ಪಕ್ಕೀರಪ್ಪ ಆಮೇಲೆ ಹೇಳಿದ. ಹೊಡೆಯಲಿಲ್ಲವಂತೆ. ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿದರಂತೆ. ರಾತ್ರಿಯೇ ಯಾಕೆ ಕರೆ ಬರುತ್ತದೆ? “ಅದನ್ನ ಕರೆಂಟ್ ಕೊಡೋರನ್ನ ಕೇಳ್ರಿ” ಎಂದರೆ ಉಡಾಫೆ ಎಂದು ಬೈದರಂತೆ. ಕೊನೆಗೆ ಇವನೇ ಬೇಡಿಕೊಂಡು ಅವರನ್ನು ಬುಕ್ಕಸಾಗರದ ಗದ್ದೆಗೆ ಕರೆದೊಯ್ದ. ಅವರ ಫೋನಿನಿಂದಲೇ ಮಿಸ್ಡ್ ಕಾಲ್ ಕೊಡಿಸಿದ. ಮೋಟಾರು ಗುಂಯ್ ಎಂದಿತು, ಪೈಪಿನಿಂದ ನೀರು ಹಾರಿತು. ಅಷ್ಟಕ್ಕೇ ಮುಗಿಯಬೇಕಿತ್ತಲ್ಲವೆ? ಸಾಹೇಬರು ನೀರನ್ನು ನೋಡಿ, “ಫೋನಿಂದ ಮೋಟಾರ್ ಸ್ಟಾರ್ಟ್ ಮಾಡೋನು ಇನ್ನೇನು ಬೇಕಾದ್ರೂ ಸ್ಟಾರ್ಟ್ ಮಾಡ್ಬಹುದು” ಎಂದರಂತೆ. ನಿರಪರಾಧಿ ಎಂದು ತೋರಿಸಿಕೊಂಡದ್ದೇ ಅಪರಾಧಕ್ಕೆ ಸಾಕ್ಷಿಯಾಯಿತು. ಮತ್ತೆ ಅದೇ ಕೋಣೆಗೆ ತಂದು ಕೂರಿಸಿದರು.

ಎರಡನೆಯ ದಿನ ಸಂಜೆ ಸಾಹೇಬರು ಹೊರಗೆ ಬಂದರು. ಬೆಂಚಿನ ಮೇಲಿದ್ದ ಮುದುಕಿಯ ಹಣೆಯ ವಿಭೂತಿ ನೋಡಿ ನಿಂತರು.

“ಯಾರಮ್ಮ ನೀನು?”

ನಾನು ಆಕೆಯ ಕಿವಿಯಲ್ಲಿ ಕೂಗಿ ಹೇಳಿದೆ. “ಪಕ್ಕೀರಪ್ಪನ ತಾಯಿರಿ, ಭೀಮವ್ವ” ಎಂದಳು.

“ಭೀಮವ್ವನಾ? ಗಂಡನ ಹೆಸರು?”

ಮುದುಕಿ ಸೆರಗು ಬಾಯಿಗೆ ಅಡ್ಡ ಹಿಡಿದಳು. ಸತ್ತು ಎಷ್ಟೋ ವರ್ಷವಾದ ಗಂಡನ ಹೆಸರನ್ನು ಆಕೆ ಇವತ್ತಿಗೂ ಹೇಳುವುದಿಲ್ಲ. “ಮುರುಗೇಶಪ್ಪ, ನೀನs ಹೇಳಪ್ಪ” ಎಂದಳು. ನಾನು ಹುಸೇನಪ್ಪ ಎಂದೆ. ಸಾಹೇಬರ ಹುಬ್ಬು ಗಂಟಾಯಿತು.

“ಮನೆದೇವರು ಯಾವುದು?”

“ಹಂಪಿ ವಿರೂಪಾಕ್ಷಪ್ಪ ರಿ” ಎಂದು ಮುದುಕಿ ಅಲ್ಲಿಂದಲೇ ಹಂಪಿಯ ದಿಕ್ಕಿಗೆ ಕೈ ಮುಗಿದಳು.

ಸಾಹೇಬರ ಮುಖ ಹೇಗೆ ಬದಲಾಯಿತೆಂದು ಬರೆಯಲು ನನಗೆ ಈಗಲೂ ಮೈ ಉರಿಯುತ್ತದೆ. “ಅಯ್ಯೋ, ನೀವು ನಮ್ಮೋರಾ!” ಎಂದು ಹಣೆ ಚಚ್ಚಿಕೊಂಡರು. ಕೂಡಲೇ ಒಳಗಿಂದ ಪಕ್ಕೀರಪ್ಪನನ್ನು ಕರೆಸಿದರು, ಕುರ್ಚಿ ಹಾಕಿಸಿದರು, ಚಹಾ ತರಿಸಿದರು. “ಮೊದ್ಲೇ ಹೇಳ್ಬಾರ್ದೇನಪ್ಪ?” ಎಂದು ಬೆನ್ನು ತಟ್ಟಿದರು.

ಪಕ್ಕೀರಪ್ಪ ಕೂರಲಿಲ್ಲ. “ಏನ್ ಹೇಳಬೇಕಿತ್ರಿ?”

“ನೀನು ಹಿಂದೂ ಅಂತ!”

“ನೀವು ಕೇಳಿದ್ದು ಸಿಮ್ಮಿನ ಮಾತಲ್ರಿ. ಅದನ್ನ ನಿನ್ನೆ ಮುಂಜಾನಿಂದ ಹೇಳೀನಿ. ಮೋಟಾರ್ ಚಾಲೂ ಮಾಡಿ ತೋರ್ಸೀನಿ. ಆವಾಗ ಅದು ಸುಳ್ಳಾಗಿತ್ತು. ನಮ್ಮವ್ವ ವಿರೂಪಾಕ್ಷ ಅಂದ ಕೂಡ್ಲೆ ಖರೇ ಆತೇನ್ರಿ?”

ಸಾಹೇಬರು ನಗಲು ನೋಡಿದರು. ಪಕ್ಕೀರಪ್ಪನ ದನಿ ಏರಿತು. ಐವತ್ತು ವರ್ಷದಲ್ಲಿ ನಾನು ಕೇಳಿರದ ದನಿ ಅದು.

“ನಮ್ಮವ್ವ ಬ್ಯಾರೆ ದೇವರ ಹೆಸರು ಹೇಳಿದ್ರ ಏನ್ ಮಾಡ್ತಿದ್ರಿ? ಇದs ಮೋಟಾರು, ಇದs ಸಿಮ್ಮು, ಇದs ನಾನು. ಒಳಗs ಇಟ್ಕೊಂತಿದ್ರಿ ಹೌದಿಲ್ಲೋ? ಹೇಳ್ರಿ!”

“ಚಹಾ ಕುಡಿ, ತಣ್ಣಗಾಗುತ್ತೆ” ಎಂದರು ಸಾಹೇಬರು. ಚಹಾ ಅಲ್ಲೇ ತಣ್ಣಗಾಯಿತು. ಹೊರಡುವಾಗ ಒಂದು ಉಪಕಾರದ ಮಾತನ್ನೂ ಆಡಿದರು. “ಇವತ್ತು ನಾನು ಬಿಟ್ಟೆ. ನಾಳೆ ಇನ್ನೊಬ್ರು ಬರ್ತಾರೆ. ಸಿಸ್ಟಮ್‌ನಲ್ಲಿ ಹೆಸರು ಕೂತ್ಬಿಟ್ಟಿದೆ, ತೆಗೆಯೋದು ನನ್ನ ಕೈಲಿಲ್ಲ. ಒಂದು ಅಫಿಡವಿಟ್ ಮಾಡ್ಸಿ ಹೆಸರು ಬದಲಾಯಿಸ್ಕೊ. ಪರಮೇಶಪ್ಪನೋ ಏನೋ ಇಟ್ಕೊ.”

“ನಿಮ್ಮ ಸಿಸ್ಟಮ್ ಬದ್ಲಾಯಿಸ್ಕೊಳ್ರಿ” ಎಂದ ಪಕ್ಕೀರಪ್ಪ. “ನನ್ನ ಹೆಸರು ಅದಕ್ಕಿಂತ ಮೊದಲು ಬಂದೈತಿ.”

ಕತೆ ಇಲ್ಲಿ ಮುಗಿದಿದ್ದರೆ ನಾನು ಇದನ್ನು ನಗುನಗುತ್ತ ಬರೆಯುತ್ತಿದ್ದೆ. ನಾವು ಊರಿಗೆ ಬಂದ ಮಾರನೆಯ ದಿನವೇ ಅಂಜಿನೇಯ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದ. ನನ್ನ ಪಿತ್ತ ನೆತ್ತಿಗೇರಿತು.

“ಏನಲೇ, ಎಲ್ಲ ಬಗೀಹರೀತಲ್ಲ?”

“ನಿಲ್ಲಸು ಅಂತ ಮ್ಯಾಲಿಂದ ಆರ್ಡರ್ ಬಂದಿಲ್ರಿ.”

“ನೀನು ಈ ಕಡಿಯವನು. ಪಕ್ಕೀರಪ್ಪ ಅಂದ್ರ ಏನು, ಹುಸೇನಪ್ಪ ಅಂದ್ರ ಏನು ನಿಂಗ ಗೊತ್ತಿರಲಿಲ್ಲೇನು?”

ಅವನು ಬೂಟು ನೋಡಿಕೊಂಡ. “ನಮ್ಮ ದೊಡ್ಡಪ್ಪನ ಹೆಸರೂ ಹುಸೇನಪ್ಪನs ರಿ.”

“ಮತ್ತ ಹೇಳಲಿಲ್ಲ ಯಾಕ?”

“ಅವರು ಕೇಳ್ಲಿಲ್ರಿ.”

ಇವನ ಕೆಲಸ ನೋಡುವುದು, ಹೇಳುವುದಲ್ಲ.

ಮುಂದೆ ಆದದ್ದೆಲ್ಲ ಸದ್ದಿಲ್ಲದೆ ಆಯಿತು. ಕಮಲಾಪುರದ ತೋಟದವರು ಸ್ಟಾರ್ಟರ್ ಬಿಚ್ಚಿಸಿ ಬೇರೆಯವರ ಹತ್ತಿರ ಹಾಕಿಸಿಕೊಂಡರು. ಪಕ್ಕೀರಪ್ಪನ ನಂಬರಿಗೆ ಫೋನು ಮಾಡಿದರೆ ತಮ್ಮ ನಂಬರೂ ಹೋಗಿ ಎಲ್ಲೋ ಕೂರುತ್ತದೆಂಬ ಅಂಜಿಕೆ. ಕರೆಂಟು ಹೋದಾಗ ಅವನ ಜೊತೆ ಹರಟುತ್ತಿದ್ದವರು ಈಗ ರಸ್ತೆಯ ಈ ಕಡೆಯಿಂದಲೇ ಕೈ ಎತ್ತಿ ಹೋಗುತ್ತಾರೆ. ಹೇಮಾವತಿಗೆ ಗಂಡು ಕೂಸು ಹುಟ್ಟಿತು. ಅದೇ ವಾರ ಸಂಡೂರಿನಲ್ಲಿ ಕನಕರಾಜನ ಗಣಿಯ ಗೇಟ್‌ಪಾಸ್ ತಡೆದರು. ಪೊಲೀಸ್ ವೆರಿಫಿಕೇಶನ್ನಿನಲ್ಲಿ ಮಾವನ ಹೆಸರು ಬಂತಂತೆ. ಮದ್ದಿಟ್ಟು ಕಲ್ಲು ಸಿಡಿಸುವ ಜಾಗ, ಅಂಥವರ ಅಳಿಯನನ್ನು ಒಳಗೆ ಬಿಡಲು ಬರುವುದಿಲ್ಲ ಎಂದರಂತೆ. ಯಾರು ಹೇಳಿದರು, ಯಾರಿಗೆ ಅರ್ಜಿ ಹಾಕಬೇಕು, ಎಂದು ಸರಿಹೋಗುತ್ತದೆ, ಒಂದಕ್ಕೂ ಉತ್ತರವಿಲ್ಲ. ಕಾಣುವ ಗೋಡೆಯಾದರೆ ತಲೆಯನ್ನಾದರೂ ಚಚ್ಚಿಕೊಳ್ಳಬಹುದು. ಇದು ಕಾಣುವುದೇ ಇಲ್ಲ.

ಹೆಸರಿಡುವ ದಿನ ಕನಕರಾಜ ಬಂದ. ಮಾವನ ಮುಖ ನೋಡಲಾರದೆ ತೊಟ್ಟಿಲ ಹಗ್ಗ ಹಿಡಿದು ನಿಂತ. “ಮಾವ, ನಿಮ್ಮ ಹೆಸರಿಡಾಕ ನನಗೇನೂ…” ಎಂದವನು ತೊಟ್ಟಿಲು ತೂಗತೊಡಗಿದ. ಹೇಮಾವತಿಯ ಕಣ್ಣು ತುಂಬಿತ್ತು. ಆಕೆ ಹಟ ಮಾಡಿದರೆ ಆ ಹೆಸರೇ ನಿಲ್ಲುತ್ತಿತ್ತು. ಹಟ ಮಾಡಲು ಸಿದ್ಧಳೂ ಇದ್ದಳು. ಪಕ್ಕೀರಪ್ಪನೇ ಅಡ್ಡ ಬಂದ.

“ಬ್ಯಾಡವ್ವ. ನನ್ನ ಕೇಳಿದ್ರ ನಾ ಉತ್ತರ ಕೊಡ್ತೀನಿ. ಕೂಸಿಗೆ ಇನ್ನೂ ಮಾತs ಬರಲ್ಲ.”

ಸಾಹೇಬರ ಎದುರು ತಲೆ ಬಾಗಿಸದವನು ತೊಟ್ಟಿಲ ಎದುರು ಬಾಗಿಸಿದ. ಕನಕರಾಜನ ತಂಗಿ ಕೂಸಿನ ಕಿವಿಯಲ್ಲಿ ಪ್ರಣೀತ ಎಂದಳು. ಯಾವ ಸಿಸ್ಟಮ್ಮಿಗೂ ಗಂಟಲಲ್ಲಿ ಸಿಕ್ಕದ, ನುಣ್ಣನೆಯ ಹೆಸರು. ಅದರಲ್ಲಿ ಯಾವ ತಾಯಿಯ ಸೆರಗೂ ಇಲ್ಲ, ಯಾವ ಹರಕೆಯೂ ಇಲ್ಲ.

ಕಿವಿ ಕೇಳದ ಭೀಮವ್ವ ಮೂಲೆಯಿಂದ, “ಪಕ್ಕೀರಪ್ಪ ಅಂದ್ರಿಲ್ಲೋ?” ಎಂದು ಕೇಳಿದಳು. ಪಕ್ಕೀರಪ್ಪ ತಾಯಿಯ ಹತ್ತಿರ ಹೋಗಿ ಹೌದೆಂದು ತಲೆಯಾಡಿಸಿದ. ಮುದುಕಿ ಎರಡೂ ಕೈ ಎತ್ತಿ ಮುಗಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಯಾರೂ ಬಂದು ಆ ಹೆಸರನ್ನು ಕಿತ್ತುಕೊಳ್ಳಲಿಲ್ಲ, ನಿಜ. ಕಿತ್ತುಕೊಂಡಿದ್ದರೆ ದೂರು ಕೊಡಬಹುದಿತ್ತು. ನಾವೇ ಕೈಯಾರೆ ಕೆಳಗಿಡುವಂತೆ ಮಾಡಿದರಲ್ಲ, ಅದಕ್ಕೆ ಯಾವ ಸ್ಟೇಷನ್ನಿನಲ್ಲಿ ದೂರು ಕೊಡುವುದು?

ಅಂಜಿನೇಯ ಈಗಲೂ ಬರುತ್ತಾನೆ. ಮೊನ್ನೆ ಸಂಕೋಚಪಡುತ್ತಲೇ ರಸ್ತೆ ದಾಟಿ, ತನ್ನ ಹೊಲಕ್ಕೂ ಒಂದು ಮೊಬೈಲ್ ಸ್ಟಾರ್ಟರ್ ಬೇಕಿತ್ತೆಂದು ಪಕ್ಕೀರಪ್ಪನನ್ನು ಕೇಳಿದ. ಪಕ್ಕೀರಪ್ಪ ಮಾಡಿಕೊಡುತ್ತೇನೆ ಎಂದ. “ಸಿಮ್ ಮಾತ್ರ ನಿಮ್ಮ ಹೆಸರಿನಾಗ ತಗೊಂಡ್ಬರ್ರಿ” ಎಂದ.

ಕೂಸಿಗೆ ಈಗ ಅಂಬೆಗಾಲು. ತವರಿನಲ್ಲೇ ಉಳಿದಿರುವ ಹೇಮಾವತಿ ಪ್ರಣೀತ ಎಂದರೆ ಕತ್ತು ತಿರುಗಿಸಿ ನಗುತ್ತದೆ. ಸಂಜೆ ಅದು ವರ್ಕ್‌ಶಾಪಿನ ಹೊಸ್ತಿಲ ತನಕ ಹರಿದು ಬಂದಾಗ ಭೀಮವ್ವ ಒಳಗಿನಿಂದ ಕೂಗುತ್ತಾಳೆ, ತನ್ನ ಕಿವಿಗೆ ಬೀಳುವಷ್ಟು ಜೋರಾಗಿ: “ಲೇ ಪಕ್ಕೀರಪ್ಪಾ, ಬಾರಲೇ!” ಹೇಮಾವತಿ ಗಾಬರಿಯಿಂದ, “ಮೆಲ್ಲಕ ಅಮ್ಮ, ಮೆಲ್ಲಕ” ಎಂದು ಓಡಿಬರುತ್ತಾಳೆ. ಆ ಕೂಗಿಗೆ ವರ್ಕ್‌ಶಾಪಿನಲ್ಲಿ ಪಕ್ಕೀರಪ್ಪ ತಲೆ ಎತ್ತುತ್ತಾನೆ. ನನ್ನ ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಅಂಜಿನೇಯ ತಲೆ ಎತ್ತುತ್ತಾನೆ. ಮುದುಕಿ ಕರೆಯುತ್ತಿರುವ ಕೂಸು ಮಾತ್ರ ತಿರುಗಿ ನೋಡುವುದಿಲ್ಲ.